ಚಾವಟಿ ಬದಿಗಿಟ್ಟು ನೋಡಿದ ಹ್ಯಾರಿಸನ್ ಫೋರ್ಡ್

ಹ್ಯಾರಿಸನ್ ಫೋರ್ಡ್ ಅಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಎರಡು ಹೆಸರು. ‘ಸ್ಟಾರ್ ವಾರ್ಸ್’ನ ಹಾನ್ ಸೋಲೋ, ಮತ್ತೆ ಟೋಪಿ ಚಾವಟಿಯ ಇಂಡಿಯಾನಾ ಜೋನ್ಸ್. ಆ ಎರಡನ್ನೂ ಪಕ್ಕಕ್ಕಿಟ್ಟರೆ ಅವರ ಒಳ್ಳೆಯ ಸಿನಿಮಾ ಯಾವುದು? ಈ ಪ್ರಶ್ನೆ ಎತ್ತಿದ್ದು ಅಕ್ಕ. ಒಂದು ಸಂಜೆಗೆ ಮುಗಿಯುವ ಮಾತು ಅಂದುಕೊಂಡಿದ್ದೆವು. ನಾಲ್ಕು ತಿಂಗಳು ಹಿಡಿಯಿತು.

ಭಾವ ಯೋಚನೆಯನ್ನೇ ಮಾಡದೆ ‘ದಿ ಫ್ಯುಜಿಟಿವ್’ ಅಂದರು. ನಾನು ‘ವಿಟ್ನೆಸ್’ ಅಂದೆ. ಅಕ್ಕ ‘ಬ್ಲೇಡ್ ರನ್ನರ್’ ಅಂದಳು. ಅಲ್ಲಿಂದ ಅರ್ಧ ಗಂಟೆ ಮೂವರೂ ಅದೇ ಮೂರು ಹೆಸರನ್ನು ಇನ್ನಷ್ಟು ಜೋರಾಗಿ ಹೇಳಿದೆವು, ಅಷ್ಟೆ. ಯಾಕೆ ಅಂತ ಯಾರೂ ಹೇಳಲಿಲ್ಲ. ಹೇಳುವುದಕ್ಕೆ ಗೊತ್ತೂ ಇರಲಿಲ್ಲ. ನಾನು ‘ವಿಟ್ನೆಸ್’ ನೋಡಿ ಹತ್ತು ವರ್ಷದ ಮೇಲಾಗಿತ್ತು. ಕಣ್ಣ ಮುಂದೆ ಇದ್ದದ್ದು ಒಂದೇ ಒಂದು ದೃಶ್ಯ. ಉಳಿದದ್ದೆಲ್ಲ ‘ನನಗೆ ಅದು ಇಷ್ಟ’ ಅನ್ನುವ ಹಳೆಯ ನೆನಪು. ಆ ನೆನಪನ್ನು ಇಟ್ಟುಕೊಂಡು ವಾದ ಮಾಡಿದರೆ ಎದುರಿನವರು ಒಪ್ಪುವುದಾದರೂ ಹೇಗೆ?

ಹಾಗಾಗಿ ಎಲ್ಲವನ್ನೂ ಮತ್ತೆ ನೋಡುವುದು ಅಂತ ತೀರ್ಮಾನ ಮಾಡಿದೆವು. ವಾರಕ್ಕೊಂದು ಸಿನಿಮಾ, ಮೂವರೂ ಜೊತೆಯಲ್ಲಿ.

ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದಕ್ಕೇ ಒಂದು ರಾತ್ರಿ ಹೋಯಿತು. 1992ರ ‘ಪೇಟ್ರಿಯಟ್ ಗೇಮ್ಸ್’, 1994ರ ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’ ಎರಡರಲ್ಲೂ ಫೋರ್ಡ್ ಜಾಕ್ ರಯಾನ್ ಅನ್ನುವ ಒಂದೇ ಪಾತ್ರ ಮಾಡಿದ್ದಾರೆ. ಅದೂ ಸರಣಿಯೇ ತಾನೇ? ಹೊರಗೆ ಹಾಕಿದೆವು. ‘ಬ್ಲೇಡ್ ರನ್ನರ್’ ಬಂದದ್ದು 1982ರಲ್ಲಿ. ಮೂವತ್ತೈದು ವರ್ಷ ಕಳೆದು 2017ರಲ್ಲಿ ಎರಡನೆಯದು ಬಂತು. ಹಾಗಂತ ಮೊದಲನೆಯದನ್ನು ಸರಣಿ ಅಂತ ತಳ್ಳುವುದು ಅನ್ಯಾಯ ಅಂತ ಅಕ್ಕ ಪಟ್ಟು ಹಿಡಿದಳು. 1982ರದ್ದು ಉಳಿಯಿತು. ‘ದಿ ಫ್ಯುಜಿಟಿವ್’ ಆದ ಮೇಲೆ 1998ರಲ್ಲಿ ‘ಯು.ಎಸ್. ಮಾರ್ಷಲ್ಸ್’ ಬಂತು, ಅದರಲ್ಲಿ ಫೋರ್ಡ್ ಇಲ್ಲವೇ ಇಲ್ಲ. ಆದ್ದರಿಂದ ‘ಫ್ಯುಜಿಟಿವ್’ಗೂ ತೊಂದರೆಯಾಗಲಿಲ್ಲ. ‘ದಿ ಕಾನ್ವರ್ಸೇಷನ್’, ‘ಅಪೋಕಲಿಪ್ಸ್ ನೌ’ ಎರಡೂ ದೊಡ್ಡ ಸಿನಿಮಾಗಳು. ಅವುಗಳಲ್ಲಿ ಇವರದ್ದು ಚಿಕ್ಕ ಪಾತ್ರ. ಇವರಿಂದಾಗಿ ಅವು ದೊಡ್ಡವಾದದ್ದಲ್ಲ. ಅವನ್ನೂ ಬಿಟ್ಟೆವು.

‘ಬ್ಲೇಡ್ ರನ್ನರ್’ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. ಚಿತ್ರಮಂದಿರದಲ್ಲಿ ಮೊದಲು ತೋರಿಸಿದ ಆವೃತ್ತಿಯಲ್ಲಿ ಫೋರ್ಡ್ ಅವರ ಹಿನ್ನೆಲೆ ಧ್ವನಿ ಇದೆ, ಕೊನೆ ಸುಖಾಂತ್ಯ. 1992ರ ಆವೃತ್ತಿಯಲ್ಲಿ ಎರಡನ್ನೂ ತೆಗೆದರು. ನಿರ್ದೇಶಕ ರಿಡ್ಲಿ ಸ್ಕಾಟ್ ಇದೇ ಕೊನೆಯದು ಅಂತ ಕೊಟ್ಟದ್ದು 2007ರಲ್ಲಿ. ಭಾವ ನೋಡಿದ್ದು ಧ್ವನಿ ಇರುವುದನ್ನು, ಅಕ್ಕ ನೋಡಿದ್ದು 2007ರದ್ದನ್ನು. ಇಬ್ಬರೂ ಇಷ್ಟು ವರ್ಷ ಬೇರೆ ಬೇರೆ ಸಿನಿಮಾದ ಬಗ್ಗೆ ಜಗಳ ಆಡುತ್ತಿದ್ದರು! ಈ ಸಿನಿಮಾದ ಬಗ್ಗೆ ಯಾರ ಜೊತೆ ಮಾತಿಗಿಳಿದರೂ ಮೊದಲು ಇದನ್ನು ಕೇಳಿಕೊಳ್ಳಿ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆವು. ಸಿನಿಮಾ ಮುಗಿದ ಮೇಲೆ ಮೂವರೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದೆವು. ಐದಾರು ವಾರ ಆದ ಮೇಲೆ ಕೂಡಿಸಿ ನೋಡಿದರೆ ‘ಏರ್ ಫೋರ್ಸ್ ಒನ್’ ಮೇಲಕ್ಕೆ ಬಂದು ಕೂತಿತ್ತು. ಒಳ್ಳೆಯ ಓಟದ ಸಿನಿಮಾ ಅದು, ಇಲ್ಲ ಅನ್ನುವುದಿಲ್ಲ. ಆದರೆ ಮೂವರಲ್ಲಿ ಒಬ್ಬರಿಗೂ ಅದು ಮೊದಲನೆಯದಲ್ಲ. ಯಾರಿಗೂ ಬೇಸರ ಆಗಿರಲಿಲ್ಲ, ಎಲ್ಲರೂ ಏಳು ಕೊಟ್ಟಿದ್ದರು. ಒಬ್ಬರು ಹತ್ತು ಕೊಟ್ಟು ಇನ್ನೊಬ್ಬರು ಮೂರು ಕೊಟ್ಟ ಸಿನಿಮಾ ಅದರ ಕೆಳಗೆ ಹೋಗಿತ್ತು. ಅಂಥ ಸಿನಿಮಾದಲ್ಲೇ ಅಲ್ವಾ ಮಾತಾಡುವುದಕ್ಕೆ ಏನಾದರೂ ಇರುವುದು? ಅಂಕದ ಹಾಳೆಯನ್ನು ಅವತ್ತೇ ಹರಿದೆವು.

ಅದರ ಬದಲಿಗೆ ಒಂದು ದೃಶ್ಯ ಆರಿಸಬೇಕು ಅಂತ ಮಾಡಿದೆವು. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ದೃಶ್ಯ ಹೇಳಬೇಕು. ಅದರಲ್ಲಿ ಫೋರ್ಡ್ ಏನು ಮಾಡಿದರು ಅಂತ ಹೇಳಬೇಕು. ‘ಚೆನ್ನಾಗಿ ಮಾಡಿದ್ದಾರೆ’ ಅಂದರೆ ಲೆಕ್ಕಕ್ಕಿಲ್ಲ. ಇಷ್ಟು ಬದಲಾಯಿಸಿದ್ದೇ ತಡ, ಮಾತಿನ ರೀತಿಯೇ ಬೇರೆಯಾಯಿತು. ನಾವು ಇಷ್ಟು ದಿನ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದೆವು ಅಂತ ಗೊತ್ತಾಯಿತು. ಫೋರ್ಡ್ ಇರುವ ಒಳ್ಳೆಯ ಸಿನಿಮಾ ಯಾವುದು ಅನ್ನುವುದು ಒಂದು. ಫೋರ್ಡ್ ಅವರ ಒಳ್ಳೆಯ ಕೆಲಸ ಯಾವುದರಲ್ಲಿದೆ ಅನ್ನುವುದು ಇನ್ನೊಂದು. ‘ಬ್ಲೇಡ್ ರನ್ನರ್’ನಲ್ಲಿ ಆರಿಸಿಕೊಂಡ ದೃಶ್ಯ ಹೇಳು ಅಂದಾಗ ಅಕ್ಕ ಹೇಳಿದ್ದು ಕೊನೆಯ ಮಳೆಯ ದೃಶ್ಯ. ಹೇಳುತ್ತಾ ಹೇಳುತ್ತಾ ಅವಳೇ ನಿಂತಳು. “ಇದು ರುಟ್ಗರ್ ಹೌವರ್ ದೃಶ್ಯ ಕಣೋ. ಫೋರ್ಡ್ ಸುಮ್ನೆ ಕೂತು ಕೇಳ್ತಾ ಇದ್ದಾರೆ” ಅಂದಳು. ಹೌವರ್ ಅದರಲ್ಲಿ ಎದುರಾಳಿಯ ಪಾತ್ರ ಮಾಡಿದ ನಟ. ಆ ಕೂತು ಕೇಳುವುದೂ ಸಣ್ಣ ಕೆಲಸವಲ್ಲ. ಆದರೂ ಅವತ್ತಿನಿಂದ ‘ಬ್ಲೇಡ್ ರನ್ನರ್’ ಮೊದಲನೆಯ ಪ್ರಶ್ನೆಯಲ್ಲಿ ಮಾತ್ರ ಉಳಿಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ‘ವಿಟ್ನೆಸ್’. ಪೀಟರ್ ವಿಯರ್ ನಿರ್ದೇಶಿಸಿದ 1985ರ ಸಿನಿಮಾ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೊಸ ಕಾಲದ ಸೌಕರ್ಯಗಳಿಂದ ದೂರ ಉಳಿದು ಹಳೆಯ ರೀತಿಯಲ್ಲೇ ಬದುಕುವ ಆಮಿಷ್ ಅನ್ನುವ ಕ್ರೈಸ್ತ ಸಮುದಾಯದ ಹುಡುಗ ಸ್ಯಾಮ್ಯುಯೆಲ್ ಫಿಲಡೆಲ್ಫಿಯಾದ ರೈಲು ನಿಲ್ದಾಣದಲ್ಲಿ ಒಂದು ಕೊಲೆ ನೋಡಿಬಿಡುತ್ತಾನೆ. ಫೋರ್ಡ್ ಅಲ್ಲಿ ಜಾನ್ ಬುಕ್ ಅನ್ನುವ ಪೊಲೀಸ್. ನನಗೆ ನೆನಪಿದ್ದ ಆ ಒಂದು ದೃಶ್ಯ ಪೊಲೀಸ್ ಠಾಣೆಯಲ್ಲಿ ನಡೆಯುತ್ತದೆ. ಹುಡುಗ ಸುಮ್ನೆ ಓಡಾಡುತ್ತಾ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾನೆ. ಒಳಗೆ ಒಬ್ಬ ಪೊಲೀಸ್ ಅಧಿಕಾರಿಯ ಫೋಟೋ. ಕೊಲೆ ಮಾಡಿದವನು ಅವನೇ. ಹುಡುಗ ಬೆರಳು ತೋರಿಸುತ್ತಾನೆ. ಬುಕ್ ಹತ್ತಿರ ಬರುತ್ತಾನೆ, ಬಗ್ಗುತ್ತಾನೆ, ಆ ಪುಟ್ಟ ಬೆರಳನ್ನು ತನ್ನ ಕೈಯಲ್ಲಿ ಮುಚ್ಚಿಕೊಳ್ಳುತ್ತಾನೆ. ಒಂದು ಮಾತೂ ಇಲ್ಲ.

ಇದನ್ನು ಒಮ್ಮೆ ಧ್ವನಿ ಪೂರ್ತಿ ನಿಲ್ಲಿಸಿ ನೋಡೋಣ ಅಂದೆ. ನೋಡಿದೆವು. ಆಗ ಕಂಡದ್ದು ಆ ಕೈ. ಹುಡುಗನನ್ನು ಹೆದರಿಸಬಾರದು, ಸುತ್ತ ಇರುವವರಿಗೆ ತಿಳಿಯಬಾರದು, ಇನ್ನು ಮುಂದೆ ನಂಬಲು ಇಲ್ಲಿ ಯಾರೂ ಇಲ್ಲ ಅನ್ನುವುದು ಈಗಷ್ಟೇ ಗೊತ್ತಾಗಿದೆ. ಇಷ್ಟೂ ಆ ಕೈ ಮುಚ್ಚುವ ರೀತಿಯಲ್ಲಿದೆ. ಮುಖದಲ್ಲಿ ಇರುವುದು ತೀರಾ ಕಡಿಮೆ.

ಅಲ್ಲಿಂದ ಮುಂದೆ ನಾನು ಪ್ರತಿ ಸಿನಿಮಾದಲ್ಲೂ ಫೋರ್ಡ್ ಅವರ ಕೈಯನ್ನೇ ನೋಡಲು ಶುರು ಮಾಡಿದೆ. ನಟನಾಗಿ ಗಟ್ಟಿಯಾಗಿ ನೆಲೆ ಸಿಗುವ ಮೊದಲು ಫೋರ್ಡ್ ಬಡಗಿ ಕೆಲಸ ಮಾಡಿ ಸಂಸಾರ ಸಾಕಿದವರು. ಸಂಗೀತಗಾರ ಸೆರ್ಜಿಯೋ ಮೆಂಡಿಸ್ ಅವರ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿಕೊಟ್ಟದ್ದೂ ಇವರೇ. ‘ವಿಟ್ನೆಸ್’ನಲ್ಲಿ ಇಡೀ ಊರು ಸೇರಿ ಒಂದೇ ದಿನದಲ್ಲಿ ಕಣಜದ ಮನೆ ಎಬ್ಬಿಸುವ ದೃಶ್ಯ ಇದೆಯಲ್ಲ, ಅಲ್ಲಿ ಅವರು ಸುತ್ತಿಗೆ ಹಿಡಿದ ರೀತಿ ನೋಡಿ. ನಟ ಸುತ್ತಿಗೆ ಹಿಡಿದ ಹಾಗಿಲ್ಲ. ಮೋರಿಸ್ ಜಾರ್ ಸಂಗೀತ ಬಿಟ್ಟರೆ ಅಲ್ಲಿ ಹೆಚ್ಚು ಮಾತೇ ಇಲ್ಲ. ಹೊರಗಿನಿಂದ ಬಂದ ಮನುಷ್ಯ ಆ ಜನರ ನಡುವೆ ಒಬ್ಬನಾಗುವುದು ಕೆಲಸದಿಂದ, ಮಾತಿನಿಂದ ಅಲ್ಲ. ಇಂಡಿಯಾನಾ ಜೋನ್ಸ್ ಕೈಯಲ್ಲಿ ಚಾವಟಿ ಇರುತ್ತದೆ, ಹಾನ್ ಸೋಲೋ ಕೈಯಲ್ಲಿ ಬಂದೂಕು. ಅವು ಇಲ್ಲದಾಗ ಆ ಕೈ ಏನು ಮಾಡುತ್ತದೆ ಅನ್ನುವುದೇ ನನ್ನ ಇಡೀ ವಾದ ಆಯಿತು.

ಫೋರ್ಡ್ ಅವರಿಗೆ ನಟನೆಗಾಗಿ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಇದೊಂದೇ ಸಿನಿಮಾಕ್ಕೆ. ಇದನ್ನು ನಾನು ವಾದದಲ್ಲಿ ಒಮ್ಮೆ ಎತ್ತಿದೆ. ಭಾವ ತಕ್ಷಣ ಹಿಡಿದರು. “ಪ್ರಶಸ್ತಿ ಲೆಕ್ಕ ತಂದರೆ ‘ಫ್ಯುಜಿಟಿವ್’ ಏಳು ವಿಭಾಗದಲ್ಲಿ ಇತ್ತು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ಇತ್ತು. ನೀನು ದೃಶ್ಯ ಹೇಳು” ಅಂದರು. ಸರಿಯಾದ ಮಾತು. ಮತ್ತೆ ನಾನು ಪ್ರಶಸ್ತಿಯ ಹೆಸರೆತ್ತಲಿಲ್ಲ.

ಭಾವನಿಗೆ ‘ಫ್ಯುಜಿಟಿವ್’ ಬಗ್ಗೆ ಇದ್ದ ಪ್ರೀತಿ ನನಗೆ ಮೊದಲು ಅರ್ಥವಾಗಿರಲಿಲ್ಲ. ಹೆಂಡತಿಯನ್ನು ಕೊಂದ ಅನ್ನುವ ಸುಳ್ಳು ಆರೋಪ ಹೊತ್ತು ತಪ್ಪಿಸಿಕೊಂಡು ಓಡುವ ಡಾಕ್ಟರ್ ಕಿಂಬಲ್ ಆಗಿ ಫೋರ್ಡ್ ಅಲ್ಲಿದ್ದಾರೆ. ನಿಜವಾದ ರೈಲನ್ನೇ ಬಸ್ಸಿಗೆ ಗುದ್ದಿಸಿ ತೆಗೆದ ದೃಶ್ಯ, ಅಣೆಕಟ್ಟಿನಿಂದ ಹಾರುವುದು, ಇವೇ ಇರಬೇಕು ಅಂದುಕೊಂಡಿದ್ದೆ. ಅಣೆಕಟ್ಟಿನ ಹತ್ತಿರ “ನಾನು ನನ್ನ ಹೆಂಡತಿಯನ್ನು ಕೊಂದಿಲ್ಲ” ಅಂತ ಇವರು ಕೂಗುವುದು, “ನನಗೆ ಬೇಕಾಗಿಲ್ಲ” ಅಂತ ಬೆನ್ನಟ್ಟಿ ಬಂದ ಅಧಿಕಾರಿ ಟಾಮಿ ಲೀ ಜೋನ್ಸ್ ಉತ್ತರ ಕೊಡುವುದು ಎಲ್ಲರಿಗೂ ನೆನಪಿರುವ ಜಾಗ. ಆದರೆ ಭಾವ ಆರಿಸಿದ್ದು ಆಸ್ಪತ್ರೆಯ ದೃಶ್ಯ. ಡಾಕ್ಟರ್ ಕಿಂಬಲ್ ಕಸ ಗುಡಿಸುವವನ ವೇಷದಲ್ಲಿದ್ದಾನೆ. ಅಪಘಾತದ ಗಾಯಾಳುಗಳಿಂದ ವಾರ್ಡು ತುಂಬಿದೆ. ಒಬ್ಬ ಹುಡುಗನನ್ನು ಸಾಗಿಸು ಅಂತ ಇವನಿಗೆ ಹೇಳುತ್ತಾರೆ. ಎಕ್ಸ್‌ರೇ ನೋಡಿದ ಕೂಡಲೇ ಗೊತ್ತಾಗುತ್ತದೆ, ಬರೆದಿರುವುದು ತಪ್ಪು. ಲಿಫ್ಟಿನಲ್ಲಿ ಚೀಟಿ ತಿದ್ದಿ ಹುಡುಗನನ್ನು ಶಸ್ತ್ರಚಿಕಿತ್ಸೆಗೆ ಸೇರಿಸಿಬಿಡುತ್ತಾನೆ. ಸಿಕ್ಕಿಬೀಳುವ ಭಯ ಇದ್ದೇ ಇದೆ. “ಓಡುತ್ತಿರುವವನು ನಿಂತ ಸಿನಿಮಾ ಇದು” ಅಂದರು ಭಾವ. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಲ್ಲೂ ಕೈಯೇ ಅಲ್ವಾ? ಹುಡುಗನ ಮೈ ಮುಟ್ಟಿ ಎಲ್ಲಿ ನೋವು ಅಂತ ಕೇಳುವಾಗ ಆ ಕೈಗೆ ತಾನು ವೈದ್ಯ ಅನ್ನುವುದು ಮರೆತಿಲ್ಲ.

ಎರಡನೇ ತಿಂಗಳ ಕೊನೆಯಲ್ಲಿ ಮಾತು ಸುತ್ತಿ ಸುತ್ತಿ ಅಲ್ಲೇ ನಿಲ್ಲುತ್ತಿತ್ತು. ಆಗ ಅಕ್ಕ ಒಂದು ಉಪಾಯ ಹೇಳಿದಳು. ನಿಮಗೆ ಇಷ್ಟವಿಲ್ಲದ ಸಿನಿಮಾದ ಪರವಾಗಿ ಮಾತಾಡಿ. ಭಾವನ ಪಾಲಿಗೆ ‘ದಿ ಮಾಸ್ಕಿಟೋ ಕೋಸ್ಟ್’ ಬಂತು. ಅವರು ಅರ್ಧಕ್ಕೆ ಎದ್ದು ಹೋಗಿದ್ದ ಸಿನಿಮಾ.

ಇದೂ ಪೀಟರ್ ವಿಯರ್ ಅವರದೇ, 1986ರದ್ದು. ಪಾಲ್ ಥರೂ ಕಾದಂಬರಿ ಆಧರಿಸಿದ್ದು. ಫೋರ್ಡ್ ಇಲ್ಲಿ ಆಲಿ ಫಾಕ್ಸ್. ಬುದ್ಧಿವಂತ, ಏನನ್ನಾದರೂ ತಯಾರಿಸಬಲ್ಲವನು, ಯಾರ ಮಾತನ್ನೂ ಕೇಳದವನು. ಅಮೆರಿಕ ಹಾಳಾಗಿದೆ ಅಂತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಧ್ಯ ಅಮೆರಿಕದ ಕಾಡಿಗೆ ಹೋಗುತ್ತಾನೆ. ಅಲ್ಲಿ ಮಂಜುಗಡ್ಡೆ ಮಾಡುವ ದೊಡ್ಡ ಯಂತ್ರ ಕಟ್ಟುತ್ತಾನೆ. ಹೆಲೆನ್ ಮಿರೆನ್ ಹೆಂಡತಿ, ರಿವರ್ ಫೀನಿಕ್ಸ್ ದೊಡ್ಡ ಮಗ. ಮೂರು ವರ್ಷದ ಮೇಲೆ ಅದೇ ಹುಡುಗ ಚಿಕ್ಕ ವಯಸ್ಸಿನ ಇಂಡಿಯಾನಾ ಜೋನ್ಸ್ ಆಗಿ ಬಂದ. ಸಿನಿಮಾ ಬಿಡುಗಡೆಯಾದಾಗ ಓಡಲಿಲ್ಲ. ಜನರಿಗೆ ಬೇಕಿದ್ದ ಫೋರ್ಡ್ ಅಲ್ಲಿ ಇಲ್ಲ.

ಭಾವ ಒಂದು ವಾರ ಅದನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ಬಂದು ಮಂಜುಗಡ್ಡೆ ಹೊತ್ತುಕೊಂಡು ಹೋಗುವ ದೃಶ್ಯ ಹೇಳಿದರು. ಮಂಜುಗಡ್ಡೆಯನ್ನೇ ಕಾಣದ ಜನರಿಗೆ ತೋರಿಸಬೇಕು ಅಂತ ಆಲಿ ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಿ ಹೋಗುತ್ತಾನೆ. ಅಲ್ಲಿ ಮುಟ್ಟುವ ಹೊತ್ತಿಗೆ ಅದು ಕರಗಿಹೋಗಿದೆ. “ಅವನ ಮುಖ ನೋಡು. ಸೋತೆ ಅನ್ನುವುದು ಅಲ್ಲಿ ಇಲ್ಲ. ಇನ್ನೂ ದೊಡ್ಡದು ಮಾಡಬೇಕು ಅಂತ ಇದೆ. ಮಕ್ಕಳು ಅಪ್ಪನಿಗೆ ಹೆದರಬೇಕಾದದ್ದು ಅಲ್ಲಿಂದ” ಅಂದರು. ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ರೀ, ನೀವು ಇದನ್ನ ಅರ್ಧಕ್ಕೆ ಬಿಟ್ಟು ಎದ್ದಿದ್ರಿ” ಅಂದಳು.

ನನಗೆ ಅವತ್ತು ಹೊಳೆದದ್ದು ಬೇರೆ. ‘ವಿಟ್ನೆಸ್’ನಲ್ಲಿ ಕಟ್ಟುವ ಕೈ ಒಬ್ಬನನ್ನು ಜನರ ಹತ್ತಿರ ತರುತ್ತದೆ. ಮರುವರ್ಷದ ಈ ಸಿನಿಮಾದಲ್ಲಿ ಅದೇ ನಿರ್ದೇಶಕ, ಅದೇ ನಟ, ಕಟ್ಟುವ ಕೈ ಮನೆಯವರನ್ನೇ ದೂರ ಮಾಡುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಈ ವಾದದಲ್ಲಿ ನನಗೆ ಸಿಕ್ಕಿದ್ದರಲ್ಲಿ ಅದೇ ದೊಡ್ಡದು.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. 1990ರ ‘ಪ್ರಿಸ್ಯೂಮ್ಡ್ ಇನೊಸೆಂಟ್’ನಲ್ಲಿ ಇವರು ಕಲ್ಲಿನ ಹಾಗೆ ಕೂತಿರುತ್ತಾರೆ, ಅದು ಆ ಕಥೆಗೆ ಬೇಕಾದದ್ದೇ. ‘ವರ್ಕಿಂಗ್ ಗರ್ಲ್’ ಮೆಲನಿ ಗ್ರಿಫಿತ್ ಸಿನಿಮಾ. ಇವರು ಪಕ್ಕಕ್ಕೆ ನಿಂತು ಜಾಗ ಬಿಟ್ಟಿದ್ದಾರೆ, ಅದಕ್ಕೇ ಅಲ್ಲಿ ಇಷ್ಟವಾಗುತ್ತಾರೆ. ‘ರಿಗಾರ್ಡಿಂಗ್ ಹೆನ್ರಿ’ ನನಗೆ ಹಿಡಿಸಲಿಲ್ಲ, ತುಂಬಾ ಸಿಹಿ. ಅದರ ಚಿತ್ರಕಥೆ ಬರೆದ ಜೆ.ಜೆ. ಅಬ್ರಾಮ್ಸ್ ಅವರೇ 2015ರಲ್ಲಿ ಇವರನ್ನು ಮತ್ತೆ ಹಾನ್ ಸೋಲೋ ಮಾಡಿದ್ದು. ‘ವಾಟ್ ಲೈಸ್ ಬಿನೀತ್’ ಬಗ್ಗೆ ಏನು ಹೇಳಿದರೂ ನೋಡದವರಿಗೆ ಅನ್ಯಾಯ, ಸುಮ್ಮನಿರುತ್ತೇನೆ. 2013ರ ‘42’ರಲ್ಲಿ ಬೇಸ್‌ಬಾಲ್ ತಂಡ ನಡೆಸುವ ಬ್ರಾಂಚ್ ರಿಕಿ ಆಗಿ ಧ್ವನಿ, ಹುಬ್ಬು, ನಡಿಗೆ ಎಲ್ಲ ಬದಲಾಯಿಸಿಕೊಂಡಿದ್ದಾರೆ. ಅಕ್ಕನಿಗೆ ಅದು ತುಂಬಾ ಇಷ್ಟ. ನನಗೆ ಅಲ್ಲಿ ವೇಷವೇ ಜಾಸ್ತಿ ಕಂಡಿತು.

ಈಗ ಹಾಳೆ ಹೀಗಿದೆ. ಸಿನಿಮಾ ಅಂತ ನೋಡಿದರೆ ನನಗೆ ‘ವಿಟ್ನೆಸ್’, ಅಕ್ಕನಿಗೆ ‘ಬ್ಲೇಡ್ ರನ್ನರ್’, ಭಾವನಿಗೆ ‘ದಿ ಫ್ಯುಜಿಟಿವ್’. ಶುರುವಿನಲ್ಲಿ ಹೇಳಿದ್ದೇ. ನಟನೆ ಅಂತ ನೋಡಿದರೆ ಅಕ್ಕ ಮತ್ತು ಭಾವ ಇಬ್ಬರೂ ‘ಮಾಸ್ಕಿಟೋ ಕೋಸ್ಟ್’ ಬರೆದಿದ್ದಾರೆ. ನನ್ನ ಜಾಗ ಇನ್ನೂ ಖಾಲಿ. ಆ ಬೆರಳು ಮುಚ್ಚುವ ಕೈಯನ್ನೂ, ಕರಗಿದ ಮಂಜುಗಡ್ಡೆಯ ಮುಂದಿನ ಮುಖವನ್ನೂ ಭಾನುವಾರ ಇನ್ನೊಮ್ಮೆ ನೋಡಿ ಬರೆಯುತ್ತೇನೆ.