ಕುರ್ತಾ ಹೊಲಿಯೋಕೆ ಕಾಟನ್ ತರುವಾಗ

ತುಮಕೂರಿನ ಎಂ.ಜಿ. ರಸ್ತೆಗೆ ಬಟ್ಟೆ ತರೋಕೆ ನಾನು ಬೆಳಗ್ಗೆಯೇ ಹೋಗುತ್ತೇನೆ. ಸಂಜೆ ಜನ ಜಾಸ್ತಿ, ಥಾನು ಬಿಚ್ಚಿ ತೋರಿಸೋಕೆ ಅಂಗಡಿಯವರಿಗೂ ಪುರುಸೊತ್ತಿರುವುದಿಲ್ಲ.

ಮೊದಲು ಅಗಲ ಕೇಳಿ. 44 ಇಂಚಾದರೆ ಮೊಣಕಾಲುದ್ದದ ಕುರ್ತಾಗೆ ಎರಡೂವರೆ ಮೀಟರ್ ಸಾಕು. 36 ಇಂಚಾದರೆ ಮೂರು ತಗೊಳ್ಳಿ.

ಆಮೇಲೆ ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಚೆನ್ನಾಗಿ ಉಜ್ಜಿ. ಬಿಳಿ ಪುಡಿ ಉದುರಿತಾ? ಅದು ಗಂಜಿ. ಒಗೆದರೆ ಬಟ್ಟೆ ಜಾಳಾಗುತ್ತದೆ, ಬಿಟ್ಟುಬಿಡಿ. ‘ಪ್ಯೂರ್ ಕಾಟನ್ ಮೇಡಂ’ ಅಂದರೆ ಸುಮ್ನೆ ನಂಬಬೇಡಿ. ಉದ್ದದ್ದೊಂದು, ಅಡ್ಡದ್ದೊಂದು ಎಳೆ ಕೇಳಿ. ಅಂಗಡಿಯಿಂದ ದೂರ ಬಂದು ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ಎಳೆ ಸುಡಬೇಕು, ಬೆರಕೆ ಒಂದು ಕಡೆಯ ಎಳೆಯಲ್ಲಿ ಮಾತ್ರ ಇರಬಹುದು ಅಲ್ವಾ?

ಕತ್ತರಿ ಹಾಕುವ ಮೊದಲು ಬಟ್ಟೆ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಲೈನಿಂಗನ್ನೂ ನೆನೆಸಿ, ಎಲ್ಲರೂ ಮರೆಯೋದು ಇದನ್ನೇ. ಆಮೇಲೆ ಅದೊಂದೇ ಕುಗ್ಗಿದರೆ ಮೇಲಿನ ಬಟ್ಟೆ ಸುಕ್ಕುಸುಕ್ಕಾಗಿ ನಿಲ್ಲುತ್ತದೆ. ಇಸ್ತ್ರಿ ಮಾಡಿ, ಉದ್ದದ ಎಳೆಗೆ ನೇರವಾಗಿ ಅಳತೆ ಕುರ್ತಾ ಇಟ್ಟು ಗುರುತು ಹಾಕಿ. ತೆಳು ಕಾಟನ್‌ಗೆ 11ನೇ ನಂಬರ್ ಸೂಜಿ ಸಾಕು. ದಾರ ಅದೇ ಬಣ್ಣದ್ದು ಸಿಗದಿದ್ದರೆ ಸ್ವಲ್ಪ ಗಾಢದ್ದೇ ತಗೊಳ್ಳಿ, ತಿಳಿ ಬಣ್ಣದ ಹೊಲಿಗೆ ಎದ್ದು ಕಾಣುತ್ತದೆ.