ಹಳೆಯ ಪ್ಲೇಟಿನ ಶ್ರುತಿ ಹಿಡಿಯುವುದು: ನನ್ನ ಅನುಭವ

ಗ್ರಾಮಫೋನ್ ಪ್ಲೇಟು ಅಂದರೆ ನಿಮಿಷಕ್ಕೆ 78 ಸುತ್ತು ಎಂದೇ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಬೆಂಗಳೂರಿನ ಒಂದು ವಾದ್ಯ ಸಂಗ್ರಹಾಲಯದವರಿಗೆ ಹಳೆಯ ಪ್ಲೇಟುಗಳನ್ನು ಡಿಜಿಟಲ್‌ಗೆ ಇಳಿಸಿಕೊಡಲು ಕೂತ ಮೇಲೆ ಆ ಅಂಕಿಯನ್ನು ನಾನು ಪಕ್ಕಕ್ಕಿಟ್ಟೆ. ಇಪ್ಪತ್ತನೇ ಶತಮಾನದ ಮೊದಲೆರಡು ದಶಕದ ಪ್ಲೇಟುಗಳಲ್ಲಿ 70ರ ಆಸುಪಾಸಿನಲ್ಲಿ ಕೊರೆದವೂ ಇವೆ, 80 ದಾಟಿದವೂ ಇವೆ. 74ರಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಏರಿಬಿಡುತ್ತದೆ. ಹಾಡುಗಾರ್ತಿಯ ದನಿ ತೆಳ್ಳಗಾಗುತ್ತದೆ, ಗಮಕಗಳು ಅವಸರಕ್ಕೆ ಬೀಳುತ್ತವೆ. ಕೇಳಿದವರು "ಆ ಕಾಲದವರು ಹೀಗೇ ಕೀರಲಾಗಿ ಹಾಡುತ್ತಿದ್ದರು" ಅಂದುಕೊಂಡು ಹೋಗುತ್ತಾರೆ. ಹಾಡಿದಾಕೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶ್ರುತಿಯ ಮಾತಿಗೆ ಬರುವ ಮುಂಚೆ ಪ್ಲೇಟನ್ನು ತೊಳೆಯಬೇಕು. ಇವು ಪ್ಲಾಸ್ಟಿಕ್ಕಿನವಲ್ಲ. ಅರಗಿಗೆ ಕಲ್ಲಿನ ನುಣ್ಣನೆಯ ಪುಡಿ, ಇದ್ದಿಲ ಕಪ್ಪು ಬೆರೆಸಿ ಒತ್ತಿದವು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದ್ದರಿಂದ ಸ್ಯಾನಿಟೈಸರ್, ಕನ್ನಡಿ ಒರೆಸುವ ದ್ರಾವಣ ಯಾವುದೂ ಹತ್ತಿರ ಸುಳಿಯಬಾರದು. ನಾನು ಬಳಸುವುದು ಡಿಸ್ಟಿಲ್ಡ್ ನೀರು, ಅದಕ್ಕೆ ಒಂದೆರಡು ಹನಿ ಸೌಮ್ಯ ಸೋಪು, ಮೃದುವಾದ ಬ್ರಷ್ಷು. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗದಂತೆ ಗೆರೆಗಳ ಗುಂಟ ಸುತ್ತಿಸಿ ತೊಳೆದು, ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಆರಿಸುತ್ತೇನೆ.

ಮುಂದಿನದು ಸೂಜಿ. ಆಮೇಲೆ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿ ಪ್ಲೇಟುಗಳ ಸೂಜಿಯ ಮೊನೆ ಸುಮಾರು 18 ಮೈಕ್ರಾನ್. ಈ ಪ್ಲೇಟುಗಳ ಗೆರೆ ಅಗಲ, ಇವಕ್ಕೆ 65ರಿಂದ 75 ಮೈಕ್ರಾನಿನದು ಬೇಕು. ಎಲ್‌ಪಿ ಸೂಜಿ ಹಾಕಿದರೆ ಅದು ಗೆರೆಯ ತಳದ ಕಸದಲ್ಲಿ ಉಜ್ಜಿಕೊಂಡು ಹೋಗಿ ಬರೀ ಸರಸರ ಸದ್ದು ಕೊಡುತ್ತದೆ. ನನ್ನ ಹತ್ತಿರ ಬೇರೆ ಬೇರೆ ಅಳತೆಯ ಸೂಜಿಗಳಿವೆ. ಹಳೆಯ ಉಕ್ಕಿನ ಸೂಜಿಗಳು ಗೆರೆಯ ಗೋಡೆಯನ್ನು ಒಂದು ಮಟ್ಟದಲ್ಲಿ ಸವೆಸಿರುತ್ತವೆ. ಸ್ವಲ್ಪ ದಪ್ಪನೆಯ ಅಥವಾ ಸಣ್ಣನೆಯ ಸೂಜಿ ಇಟ್ಟರೆ ಅದು ಸವೆಯದ ಜಾಗದ ಮೇಲೆ ಕೂರುತ್ತದೆ. ಅಷ್ಟೂ ವರ್ಷ ಯಾವ ಸೂಜಿಯೂ ಮುಟ್ಟದ ಆ ಜಾಗದಿಂದ ದನಿ ಎದ್ದು ಬಂದಾಗ ಆಗುವ ಸಂತೋಷ ಈ ಕೆಲಸದಲ್ಲಿ ದೊಡ್ಡದು.

ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಸ್ಟೀರಿಯೋ ಕಾರ್ಟ್ರಿಜ್ಜಿನಲ್ಲೇ ಗೆರೆಯ ಎರಡೂ ಗೋಡೆಗಳನ್ನು ಬೇರೆ ಬೇರೆ ಹಿಡಿದುಕೊಳ್ಳುತ್ತೇನೆ, 96 ಕಿಲೋಹರ್ಟ್ಜ್, 24 ಬಿಟ್. ಧ್ವನಿ ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಮಟ್ಟ ಅದು. ಎರಡನ್ನೂ ಕೂಡಿಸಿದರೆ ಸೂಜಿ ಮೇಲೆ ಕೆಳಗೆ ಕುಣಿದ ಗದ್ದಲ ಕಳೆದುಹೋಗುತ್ತದೆ, ಪಕ್ಕಕ್ಕೆ ಆಡಿದ ಹಾಡು ಉಳಿಯುತ್ತದೆ. ಒಂದು ಗೋಡೆ ತೀರ ಹಾಳಾಗಿದ್ದರೆ ಇನ್ನೊಂದನ್ನೇ ಇಟ್ಟುಕೊಳ್ಳುತ್ತೇನೆ.

ಈಗ ಶ್ರುತಿ. ತಂಬೂರಿ ಕೇಳಿ ಹಿಡಿದರಾಯಿತು ಎಂದು ಹಲವರು ಹೇಳುತ್ತಾರೆ. ಆದರೆ 1925ಕ್ಕೆ ಮುಂಚೆ ಪ್ಲೇಟು ಕೊರೆಯಲು ಮೈಕ್ ಬಳಸುತ್ತಿರಲಿಲ್ಲ. ದೊಡ್ಡ ಕಹಳೆಯ ಬಾಯೊಳಗೆ ಹಾಡಬೇಕಿತ್ತು. ಆ ಕಹಳೆ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಜ್ ಮಾತ್ರ. ತಂಬೂರಿಯ ಮಂದ್ರ ಅದರಲ್ಲಿ ಸಿಗುವುದೇ ಇಲ್ಲ. ಸಿಕ್ಕರೂ ತಂಬೂರಿಯನ್ನು ಎಲ್ಲಿಗೆ ಬೇಕಾದರೂ ಕೂಡಿಸಬಹುದು, ಅದು ಸಾಕ್ಷಿಯಾಗದು. ಹಾರ್ಮೋನಿಯಂ ಹಾಗಲ್ಲ, ಅದರ ರೀಡು ಒಂದೇ ಕಡೆ ನಿಂತಿರುತ್ತದೆ. ಪ್ಲೇಟಿನಲ್ಲಿ ಹಾರ್ಮೋನಿಯಂ ಇದ್ದು ಅದರ ಷಡ್ಜ ಐದು ಮನೆಗೂ ಐದೂವರೆ ಮನೆಗೂ ನಡುವೆ ತೂಗಾಡುತ್ತಿದ್ದರೆ ವೇಗ ತಪ್ಪಿದೆ ಎಂದೇ ಮೊದಲ ಗುಮಾನಿ. ಹಳೆಯ ಹಾರ್ಮೋನಿಯಂಗಳೆಲ್ಲ ಇಂದಿನ ಅಳತೆಗೆ ಕೂಡುವುದಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚುವಂತಿಲ್ಲ.

ಆಗ ನೆರವಿಗೆ ಬರುವುದು ಹಾಡಿದವರ ಮಾತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಎದುರು ಹಾಡಿದ ಗಾಯಕಿ ಗೌಹರ್ ಜಾನ್, ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗಿ ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹನೋವರಿನಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರೆಂದು ತಿಳಿಯಲೆಂದು ಈ ಏರ್ಪಾಡು. ಆ ಕಾಲದ ಎಷ್ಟೋ ಪ್ಲೇಟುಗಳಲ್ಲಿ ಇಂಥ ಮಾತಿದೆ. ಹಾಡಿನ ದನಿ ನಮ್ಮನ್ನು ಏಮಾರಿಸಬಹುದು, ಆಡುವ ಮಾತು ಅಷ್ಟು ಸುಲಭವಾಗಿ ಏಮಾರಿಸದು. ವೇಗವನ್ನು ಕಾಲು ಕಾಲು ಸುತ್ತು ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಬೊಂಬೆಯ ದನಿ ಹೋಗಿ ಒಬ್ಬ ಹೆಂಗಸು ಕೋಣೆಯಲ್ಲಿ ನಿಂತು ಮಾತಾಡಿದಂತಾಗುತ್ತದೆ. ಮೈಸೂರಿನವರಿಗೆ ಗೌಹರ್ ಜಾನ್ ದೂರದವರೇನಲ್ಲ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮಾತೂ ಇಲ್ಲ, ಹಾರ್ಮೋನಿಯಮ್ಮೂ ಇಲ್ಲ ಎಂದಾಗ ಅದೇ ಗಾಯಕರು ಹಾಡಿದ ಬೇರೆ ಪ್ಲೇಟುಗಳನ್ನು ಜೊತೆಗಿಟ್ಟು ಕೇಳುತ್ತೇನೆ. ಲೇಬಲ್ಲಿನ ಪಕ್ಕ, ಖಾಲಿ ಜಾಗದಲ್ಲಿ ಗೀಚಿದ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಧ್ವನಿಮುದ್ರಣದ ಕ್ರಮಸಂಖ್ಯೆ, ಒಂದರ ಹಿಂದೊಂದು ಬಂದಿದ್ದರೆ ಒಂದೇ ಬೈಠಕ್ಕಿನಲ್ಲಿ ಹಾಡಿದ್ದಿರಬಹುದು. ವೇಗವೂ ಬಹುತೇಕ ಒಂದೇ. ಕೊನೆಯ ಮಾತು ನನಗೆ ಪಿಟೀಲು ಕಲಿಸಿದ ಮೇಷ್ಟ್ರದ್ದು. ಕಣ್ಣು ಮುಚ್ಚಿ ಕೇಳಿ, "ಈ ಕಾಂಬೋಜಿ ಇಷ್ಟು ಓಡಲ್ಲಪ್ಪ, ಇನ್ನೊಂಚೂರು ಇಳಿಸು" ಅನ್ನುತ್ತಾರೆ. "ಸಾಕಾ ಮೇಷ್ಟ್ರೇ?" ಅಂದರೆ ಬೆರಳಲ್ಲಿ ತಾಳ ಹಾಕುತ್ತ ಸುಮ್ಮನಾಗುತ್ತಾರೆ. ಅವರ ತಾಳ ಹಾಡಿನೊಳಗೆ ನಿರಾಳವಾಗಿ ಕೂತಿತೆಂದರೆ ಆ ವೇಗವನ್ನೇ ಬರೆದುಕೊಳ್ಳುತ್ತೇನೆ, ಯಾವ ಆಧಾರದ ಮೇಲೆ ಎಂಬುದನ್ನೂ ಜೊತೆಗೇ. ಮುಂದೆ ಇನ್ನೊಬ್ಬರಿಗೆ ಬೇರೆ ಆಧಾರ ಸಿಕ್ಕರೆ ತಿದ್ದಲು ದಾರಿ ಇರಬೇಕು.

ಗದ್ದಲ ತೆಗೆಯುವ ವಿಷಯದಲ್ಲಿ ನಾನು ಬಿಗಿ. ಚಟಪಟ ಸದ್ದು ಹುಡುಕಿ ಅಳಿಸುವ ಸಾಫ್ಟ್‌ವೇರಿಗೆ ಮೃದಂಗದ ಚಾಪು ಕೂಡ ಚಟಪಟವೇ. ಜೋರಾಗಿ ಉಜ್ಜಿಸಿದರೆ ಮೃದಂಗ ಮೊಂಡಾಗುತ್ತದೆ, ಸಾಹಿತ್ಯದ 'ತ', 'ಕ' ಅಕ್ಷರಗಳು ಮಾಸುತ್ತವೆ. ಆದ್ದರಿಂದ ಮೊದಲು ಹಿಡಿದ ಕಡತವನ್ನು ಮುಟ್ಟದೆ ಇಡುತ್ತೇನೆ. ಸಂದರ್ಶಕರಿಗೆ ಕೇಳಿಸುವ ಪ್ರತಿಯಲ್ಲಿ ದೊಡ್ಡ ಬಿರುಕಿನ ಸದ್ದುಗಳನ್ನಷ್ಟೇ ಕೈಯಿಂದ ತೆಗೆಯುತ್ತೇನೆ. ಸಂಗ್ರಹಾಲಯದವರು ಇನ್ನಷ್ಟು ಶುಭ್ರವಾಗಿರಲಿ ಎಂದು ಕೇಳಿದ್ದುಂಟು. ಎರಡೂ ಪ್ರತಿಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿದ ಮೇಲೆ ಸರಸರ ಇರುವುದನ್ನೇ ಒಪ್ಪಿದರು. ಗಾಜಿನ ಪೆಟ್ಟಿಗೆಯಲ್ಲಿರುವ ಮೃದಂಗವನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದ ಹೆಡ್‌ಫೋನಿನಲ್ಲಾದರೂ ಅದರ ಚಾಪು ಸರಿಯಾಗಿ ಕೇಳಬೇಡವೇ?

ಮನೆಯಲ್ಲಿ ಇಂಥ ಪ್ಲೇಟು ಇಟ್ಟುಕೊಂಡವರಿಗೆ ಒಂದೆರಡು ಮಾತು. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಭಾರಕ್ಕೆ ಕೆಳಗಿನವು ಬಿರುಕು ಬಿಡುತ್ತವೆ. ಕುತೂಹಲಕ್ಕೆಂದು ಹಳೆಯ ಗ್ರಾಮಫೋನಿನಲ್ಲಿ ಹಾಕಿ ನೋಡಬೇಡಿ. ಸೂಜಿಯ ಮೇಲೆ ಕೂರುವ ಅದರ ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂ ಮೀರುವುದುಂಟು, ನಾನು ಇಡುವುದು ಐದು ಗ್ರಾಂ ಒಳಗೆ. ಪ್ಲೇಟು ಒಡೆದಿದ್ದರೂ ಚೂರುಗಳನ್ನೆಲ್ಲ ಒಂದು ಡಬ್ಬದಲ್ಲಿ ಇಡಿ, ಗೋಂದು ಹಚ್ಚಬೇಡಿ. ಹರಿದ ಕಾಗದದ ಲಕೋಟೆಯನ್ನೂ ಎಸೆಯಬೇಡಿ. ಕೆಲವದರ ಮೇಲೆ ಮಾರಿದ ಅಂಗಡಿಯ ಹೆಸರು, ಬೀದಿ, ಊರು ಅಚ್ಚಾಗಿರುತ್ತದೆ. ಆ ಹಾಡು ಯಾವ ಪೇಟೆಯಿಂದ ನಿಮ್ಮ ಮನೆಗೆ ಬಂತೆಂದು ಹೇಳಲು ಬಹಳ ಸಲ ಅದು ಬಿಟ್ಟರೆ ಬೇರೆ ದಾಖಲೆ ಸಿಗುವುದಿಲ್ಲ.