ಯಾರ್ಕ್ ನೋಡಲು ಹೋಗಿ ಕಾರನ್ನು ಊರಾಚೆ ಬಿಟ್ಟಿದ್ದು

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಊರಿಂದ ಯಾರೇ ಬರಲಿ, ಯಾರ್ಕ್‌ಗೆ ಒಂದು ಸುತ್ತು ಇದ್ದೇ ಇರುತ್ತದೆ. ನಲವತ್ತು ಕಿಲೋಮೀಟರ್ ದಾರಿ. ನಾನೊಬ್ಬನೇ ಆದರೆ ರೈಲು ಹತ್ತುತ್ತೇನೆ, ಹೆಚ್ಚುಕಮ್ಮಿ ಅರ್ಧ ಗಂಟೆ. ಅಪ್ಪ ಅಮ್ಮ ಬಂದಾಗ ಅಪ್ಪನ ಮಂಡಿನೋವು ನೆನೆದು ಕಾರು ತೆಗೆದೆ. ಎಡವಿದ್ದು ಅಲ್ಲೇ.

ಯಾರ್ಕ್ ಕೋಟೆಯೊಳಗಿನ ಊರು. ಸುಮಾರು 3.4 ಕಿ.ಮೀ. ಗೋಡೆ ಈಗಲೂ ನಿಂತಿದೆ. ಒಳಗಿನ ಬೀದಿಗಳು ಗಾಡಿ ಕುದುರೆಗಳ ಕಾಲದವು. ನಡು ಊರಿನ ಎಷ್ಟೋ ಬೀದಿಗಳಿಗೆ ಹಗಲು ಹೊತ್ತು ಕಾರು ಬಿಡುವುದೇ ಇಲ್ಲ. ಕ್ಲಿಫರ್ಡ್ಸ್ ಟವರ್ ಅನ್ನುವ ಹಳೇ ಕೋಟೆಬುರುಜಿನ ಪಕ್ಕದ ಪಾರ್ಕಿಂಗ್ ತುಂಬಿತ್ತು. ಅಲ್ಲೇ ಹತ್ತಿರದ ಸೇಂಟ್ ಜಾರ್ಜಸ್ ಫೀಲ್ಡ್ ಪಾರ್ಕಿಂಗ್ ಊಸ್ ನದಿಯ ದಂಡೆಯಲ್ಲಿದೆ, ನದಿ ಉಕ್ಕಿದರೆ ಮುಳುಗುತ್ತದೆ. ಅವತ್ತು ನೀರು ನಿಂತು ಮುಚ್ಚಿತ್ತು. ಸುತ್ತಿ ಸುತ್ತಿ ಕೊನೆಗೆ ಒಂದು ಖಾಸಗಿ ಪಾರ್ಕಿಂಗ್ ಸಿಕ್ಕಿತು.

ಅಲ್ಲಿನ ಯಂತ್ರದಲ್ಲಿ ಗಾಡಿ ನಂಬರ್ ಒತ್ತುವಾಗ ಸೊನ್ನೆ ಇದ್ದ ಕಡೆ ‘ಓ’ ಅಕ್ಷರ ಒತ್ತಿಬಿಟ್ಟೆ. ಇಲ್ಲಿನ ನಂಬರ್ ಪ್ಲೇಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ದುಡ್ಡು ಕಟ್ಟಿದ್ದೆ, ಚೀಟಿಯೂ ಇತ್ತು. ಆದರೂ ಹತ್ತು ದಿನಕ್ಕೆ ಮನೆಗೆ ಕಾಗದ ಬಂತು: ಗಾಡಿ ನಂಬರ್ ಹೊಂದುತ್ತಿಲ್ಲ, 100 ಪೌಂಡ್ ದಂಡ ಕಟ್ಟಿ, 14 ದಿನದೊಳಗಾದರೆ 60. ಚೀಟಿಯ ಫೋಟೋ ಇಟ್ಟು ಬರೆದ ಮೇಲೆ 20ಕ್ಕೆ ಇಳಿಸಿದರು. ಅಂದಿನಿಂದ ಪಾರ್ಕಿಂಗ್ ಚೀಟಿಯನ್ನು ಒಂದೆರಡು ತಿಂಗಳು ಬಿಸಾಡುವುದಿಲ್ಲ.

ಅವತ್ತು ಪಾರ್ಕಿಂಗ್ ಹುಡುಕಾಟದಲ್ಲೇ ರೈಲ್ವೆ ಮ್ಯೂಸಿಯಂ ತಪ್ಪಿಹೋಯಿತು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದವರು. “ಅದೊಂದು ಬಾಕಿ ಉಳೀತಲ್ಲಪ್ಪಾ” ಅಂತ ಎರಡು ದಿನಕ್ಕೊಮ್ಮೆ ನೆನಪಿಸುತ್ತಿದ್ದರು.

ಎರಡನೇ ಸಲ ಎ64 ರಸ್ತೆಯಿಂದ ನೇರ ಆಸ್ಕಮ್ ಬಾರ್ ಪಾರ್ಕ್ ಅಂಡ್ ರೈಡ್‌ಗೆ, ಅಂದರೆ ಕಾರನ್ನು ಊರಾಚೆ ಬಿಟ್ಟು ಬಸ್ಸಲ್ಲಿ ಊರೊಳಗೆ ಹೋಗುವ ಜಾಗಕ್ಕೆ ಹೋದೆ. ಬೋರ್ಡ್ ನೋಡಿ ಅಪ್ಪ, “ಬೆಳಗ್ಗೆ ಹತ್ತಕ್ಕೇ ಬಾರಾ?” ಅಂದರು. ಯಾರ್ಕ್‌ನಲ್ಲಿ ಹೀಗೇ. ಮಿಕಲ್‌ಗೇಟ್ ಬಾರ್, ಬೂತಮ್ ಬಾರ್ ಅಂದರೆ ಕೋಟೆ ಬಾಗಿಲುಗಳು. ಗೇಟ್ ಅಂದರೆ ಬಾಗಿಲಲ್ಲ, ಬೀದಿ. ಅದು ವೈಕಿಂಗರು ಬಿಟ್ಟುಹೋದ ಮಾತು. ದಾರಿ ಕೇಳುವಾಗ ಇದು ಗೊತ್ತಿದ್ದರೆ ತಲೆಬಿಸಿ ಕಡಿಮೆ.

ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ನಿಲ್ಲಿಸಲು ದುಡ್ಡಿಲ್ಲ, ಬಸ್ ಟಿಕೆಟ್ ಮಾತ್ರ. ರೈಲ್ವೆ ಸ್ಟೇಷನ್ ಹತ್ತಿರ ಇಳಿದೆವು. 1877ರಲ್ಲಿ ತೆರೆದ ಸ್ಟೇಷನ್, ಹಳಿಯ ಜೊತೆಗೆ ಬಾಗಿಕೊಂಡೇ ಹೋಗುವ ಕಬ್ಬಿಣದ ಚಾವಣಿ. ಅದನ್ನು ನೋಡಿಯೇ ಅಪ್ಪ ಕತ್ತೆತ್ತಿ ನಿಂತುಬಿಟ್ಟರು. ಮ್ಯೂಸಿಯಂ ಪಕ್ಕದಲ್ಲೇ, ಒಳಗೆ ಹೋಗಲು ಟಿಕೆಟ್ ಇಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮ್ಯಾಲರ್ಡ್ ಇಂಜಿನ್ ಅಲ್ಲಿದೆ. ಅಪ್ಪ ಚಕ್ರದ ಎತ್ತರವನ್ನು ತಮ್ಮ ಎತ್ತರಕ್ಕೆ ಅಳೆದು ನೋಡಿದರು. ಮಂಡಿಯ ಮಾತೇ ಬರಲಿಲ್ಲ.

ಆಮೇಲೆ ಅಮ್ಮ ಮತ್ತು ನಾನು ಸ್ಟೇಷನ್ ಎದುರಿನ ಕೋಟೆ ಗೋಡೆ ಹತ್ತಿ ಲೆಂಡಲ್ ಸೇತುವೆವರೆಗೆ ನಡೆದೆವು. ಮಿನ್‌ಸ್ಟರ್ ಚರ್ಚ್ ಚೆನ್ನಾಗಿ ಕಾಣುವುದು ಆ ಗೋಡೆಯಿಂದಲೇ, ಹತ್ತಿರ ಹೋದರೆ ಅದು ಒಂದೇ ನೋಟಕ್ಕೆ ಸಿಗುವುದೇ ಇಲ್ಲ. ಮೆಟ್ಟಿಲು ಕಡಿದು. ಅಪ್ಪನಂಥವರು ಕೆಳಗಿನ ಫುಟ್‌ಪಾತಲ್ಲೇ ಬಂದು ಸೇತುವೆಯಾಚೆ ಮ್ಯೂಸಿಯಂ ಗಾರ್ಡನ್ಸ್‌ನಲ್ಲಿ ಕೂರಬಹುದು. ಹಳೇ ಕಾಲದ ಇಕ್ಕಟ್ಟಾದ ಶಾಂಬಲ್ಸ್ ಬೀದಿ ನೋಡಿದೆವು. ಜನ ಜಾಸ್ತಿ, ಐದು ನಿಮಿಷ ಸಾಕು.

ಒಂದು ಮಾತು. ಆಸ್ಕಮ್ ಬಾರ್ ಬಸ್ಸಿನ ದಾರಿಯಲ್ಲೇ ರೇಸ್‌ಕೋರ್ಸ್ ಇದೆ. ಕುದುರೆ ರೇಸ್ ದಿನ ಅಲ್ಲಿ ರಸ್ತೆ ಕಟ್ಟಿಕೊಳ್ಳುತ್ತದೆ. ಅಂಥ ದಿನ ಪಾಪಲ್ಟನ್ ಬಾರ್ ಅಥವಾ ಮಂಕ್ಸ್ ಕ್ರಾಸ್ ಪಾರ್ಕ್ ಅಂಡ್ ರೈಡ್ ಕಡೆಯಿಂದ ಬನ್ನಿ. ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಡ್ರೈವರ್ ಹತ್ತಿರ ಕೇಳಿಕೊಳ್ಳಿ.